ಪಾಮ್ ಮತ್ತು ಪಾಕೆಟ್ ಪಿಸಿ: ಎರಡನ್ನೂ ಬಳಸಿದವನ ಅಭಿಪ್ರಾಯ

ಸ್ಮಾರ್ಟ್‌ಫೋನ್ ಬರುವ ಮೊದಲು ಅಂಗೈಯಗಲದ ಕಂಪ್ಯೂಟರ್ ಕೊಳ್ಳುವವರಲ್ಲಿ ಎರಡು ಪಕ್ಷ. ಒಂದು ಪಾಮ್, ಇನ್ನೊಂದು ಮೈಕ್ರೋಸಾಫ್ಟ್‌ನ ಪಾಕೆಟ್ ಪಿಸಿ. ಆಗ ನಾನು ಶಿವಮೊಗ್ಗ ಕಡೆ ಮೆಡಿಕಲ್ ರೆಪ್. ಎರಡನ್ನೂ ಕೆಲಸಕ್ಕೆ ಬಳಸಿದ್ದೇನೆ. ನನ್ನ ಓಟು ಪಾಮ್‌ಗೆ.

ಬರೀ ಅಂಕಿ ನೋಡಿದರೆ ಪಾಮ್ ಸೋಲಬೇಕು. ನನ್ನ ಪಾಮ್ ಥ್ರೀ ಎಕ್ಸ್‌ಇಯಲ್ಲಿ 16 ಮೆಗಾಹರ್ಟ್ಸ್ ಪ್ರೊಸೆಸರ್, 8 ಎಂಬಿ ಮೆಮೊರಿ, ಬಣ್ಣವಿಲ್ಲದ ಪರದೆ. ಅದೇ 2000ದಲ್ಲಿ ಬಂದ ಪಾಕೆಟ್ ಪಿಸಿ, ಕಾಂಪ್ಯಾಕ್ ಕಂಪನಿಯ ಐಪ್ಯಾಕ್‌ನಲ್ಲಿ 206 ಮೆಗಾಹರ್ಟ್ಸ್, 32 ಎಂಬಿ, ಚಂದದ ಬಣ್ಣದ ಪರದೆ. ಹಾಡೂ ಕೇಳಬಹುದಿತ್ತು.

ಆದರೆ ಡಾಕ್ಟರ ಕೋಣೆಯಿಂದ ಹೊರಗೆ ಬಂದವನಿಗೆ ಬೇಕಾದದ್ದೇ ಬೇರೆ. ‘ಮಂಗಳವಾರ ಸ್ಯಾಂಪಲ್ ಕೊಡಬೇಕು’ ಅಂತ ಮರೆಯುವ ಮೊದಲು ಬರೆದುಕೊಳ್ಳಬೇಕು. ಪಾಮ್‌ನ ಕೆಳಗಿರುವ ಡೈರಿ ಗುಂಡಿ ಒತ್ತಿದರೆ ಸಾಕು, ಯಂತ್ರ ಆನ್ ಆಗಿ ನೇರ ಇವತ್ತಿನ ಪುಟಕ್ಕೇ ಬರುತ್ತದೆ. ಗ್ರಾಫಿಟಿ, ಅಂದರೆ ಪರದೆಯ ಕೆಳಗಿನ ಜಾಗದಲ್ಲಿ ಕಡ್ಡಿಯಿಂದ ಗೀಚುವ ಬರವಣಿಗೆಯೂ, ಬೇಗ ಕೈಗೆ ಹತ್ತಿತು. ‘ಎ’ ಅಕ್ಷರಕ್ಕೆ ನಡುವಿನ ಅಡ್ಡಗೆರೆ ಬಿಟ್ಟು ಒಂದೇ ಎಳೆತ, ಅಷ್ಟೇ. ಎಡಗಡೆ ಅಕ್ಷರ, ಬಲಗಡೆ ಅಂಕಿ. ಪಾಮ್ ರೂಪಿಸಿದ ಜೆಫ್ ಹಾಕಿನ್ಸ್ ಯಂತ್ರಕ್ಕೂ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರಂತೆ. ಬಳಸುವಾಗ ಅದು ಗೊತ್ತಾಗುತ್ತದೆ.

ಪಾಕೆಟ್ ಪಿಸಿಯವರು ಮೇಜಿನ ಮೇಲಿನ ವಿಂಡೋಸನ್ನೇ ಕುಗ್ಗಿಸಲು ಹೊರಟರು. ಅಲ್ಲೂ ಸ್ಟಾರ್ಟ್ ಮೆನು! 2002ರ ಆವೃತ್ತಿಯಲ್ಲಿ ಮೂಲೆಯ ‘ಎಕ್ಸ್’ ಒತ್ತಿದರೆ ಪ್ರೋಗ್ರಾಂ ಮುಚ್ಚುತ್ತಿರಲಿಲ್ಲ, ಸುಮ್ನೆ ಹಿಂದೆ ಸರಿದು ಕೂತಿರುತ್ತಿತ್ತು. ನಿಜವಾಗಿ ಮುಚ್ಚಬೇಕಂದರೆ ಸೆಟ್ಟಿಂಗ್ಸ್, ಸಿಸ್ಟಮ್, ಮೆಮೊರಿ ಅಂತ ಒಳಗೊಳಗೆ ಹೋಗಿ ‘ಸ್ಟಾಪ್’ ಒತ್ತಬೇಕು. ಡೈರಿ ನೋಡಲು ಬಂದವನಿಗೆ ಇದೆಲ್ಲ ಯಾಕೆ?

ಬ್ಯಾಟರಿಯದ್ದು ಇನ್ನೂ ದೊಡ್ಡ ವಿಷಯ. ಆಗ ಎರಡರಲ್ಲೂ ಬರೆದದ್ದು ರ‍್ಯಾಮ್‌ನಲ್ಲೇ ಇರುತ್ತಿತ್ತು, ಬ್ಯಾಟರಿ ಪೂರ್ತಿ ಖಾಲಿಯಾದರೆ ಎಲ್ಲ ಅಳಿದುಹೋಗುತ್ತಿತ್ತು. ಐಪ್ಯಾಕನ್ನು ರಾತ್ರಿ ರಾತ್ರಿ ಚಾರ್ಜಿಗೆ ಹಾಕಬೇಕು. ಪಾಮ್‌ಗೆ ಎರಡು ಸಣ್ಣ ತ್ರಿಬಲ್-ಎ ಸೆಲ್ ವಾರಗಟ್ಟಲೆ ಸಾಕು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತಿತ್ತು.

ಎರಡರಲ್ಲೂ ನನಗೆ ಸಿಗದಿದ್ದದ್ದು ಕನ್ನಡ. ಅದನ್ನು ಮನಸ್ಸಿಗೆ ತಂದುಕೊಂಡವರು ಬೆಂಗಳೂರಿನಲ್ಲಿ ಸಿಂಪ್ಯೂಟರ್ ಅನ್ನುವ ಅಂಗೈ ಕಂಪ್ಯೂಟರ್ ಮಾಡಿದ ತಂಡದವರು: ಐಐಎಸ್‌ಸಿ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆ. ಲಿನಕ್ಸ್ ಅನ್ನುವ ಮುಕ್ತ ತಂತ್ರಾಂಶದ ಮೇಲೆ ಓಡುವ ಯಂತ್ರ, ಅಕ್ಷರ ಬಾರದವರಿಗೂ ಅನುಕೂಲವಾಗಲಿ ಅಂತ ಬರಹವನ್ನು ನಮ್ಮ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆ. ಒಂದೇ ಯಂತ್ರವನ್ನು ಊರವರೆಲ್ಲ ಹಂಚಿಕೊಳ್ಳಲಿ, ತಂತಮ್ಮ ಮಾಹಿತಿ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಲಿ ಅನ್ನುವ ಯೋಚನೆ. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು, ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. ಜಾಸ್ತಿ ಮಾರಾಟವಾಗಲಿಲ್ಲ. ಆದರೆ ಬಳಸುವವರು ಯಾರು ಅಂತ ಮೊದಲು ಕೇಳಿಕೊಂಡು ಮಾಡಿದ ಯಂತ್ರ ಅದು, ಅದಕ್ಕೇ ಅದರ ಮೇಲೆ ನನಗೆ ತುಂಬ ಗೌರವ.

ಹಳೇ ಪಾಮ್ ಎಲ್ಲಾದರೂ ಸಿಕ್ಕರೆ ಧಾರಾಳವಾಗಿ ಕೊಳ್ಳಿ. ಸೆಲ್ ಹಾಕುವ ಜಾಗ ತೆರೆದು, ಸೋರಿದ ಕಲೆ ಇದೆಯಾ ನೋಡಿ. ಥ್ರೀ ಎಕ್ಸ್‌ಇ ಆದರೆ ಅದರ ಕ್ರೇಡಲ್ (ಕಂಪ್ಯೂಟರಿಗೆ ಜೋಡಿಸುವ ಸ್ಟ್ಯಾಂಡ್) ಹಳೇ ಕಾಲದ ಸೀರಿಯಲ್ ಪೋರ್ಟಿನದು, ಈಗಿನ ಲ್ಯಾಪ್‌ಟಾಪಿಗೆ ಜೋಡಿಸಲು ಯುಎಸ್‌ಬಿ ಕನ್ವರ್ಟರ್ ಬೇಕಾಗುತ್ತದೆ.