ಪಾಲಿಗೋ, ತಿಂಗಳ ದುಡ್ಡಿಗೋ?

ನಿಮ್ಮ ಆಡನ್ನೋ ಹಸುವನ್ನೋ ಪಕ್ಕದ ಜಮೀನಿನವರು ಸಾಕುತ್ತಾರೆ ಅಂದುಕೊಳ್ಳಿ. ಅವರಿಗೆ ಏನು ಕೊಡುವುದು?

ಆಡಾದರೆ ಪಾಲೇ ಸರಿ. ಗಬ್ಬವಾದ ಐದು ತಿಂಗಳಿಗೆ ಈಯುತ್ತದೆ, ಎಷ್ಟೋ ಸಲ ಅವಳಿ. ಒಂದು ಮರಿ ನಿಮಗೆ, ಒಂದು ಅವರಿಗೆ. ತಾಯಿ ನಿಮ್ಮದೇ.

ಹಸುವಿನ ಲೆಕ್ಕ ಬೇರೆ. ಗಬ್ಬವೇ ಒಂಬತ್ತು ತಿಂಗಳು. ಕೊನೆಗೆ ಹೋರಿಗರು ಹುಟ್ಟಿದರೆ ಪಾಲಲ್ಲಿ ಏನು ಸಿಗುತ್ತದೆ ಹೇಳಿ? 400 ಕಿಲೋ ತೂಕದ ಹಸು ದಿನಕ್ಕೆ ಸುಮಾರು 10 ಕಿಲೋ ಮೇವು ತಿನ್ನುತ್ತದೆ, ಅದೂ ಒಣಮೇವಿನ ಲೆಕ್ಕದಲ್ಲಿ. ಬೆಳಗಾದರೆ ಕೊಟ್ಟಿಗೆ ಬಾಚಬೇಕು, ಕಲಗಚ್ಚು ಇಡಬೇಕು. ಹಾಗಾಗಿ ಮೇವಿಗೂ ಕೂಲಿಗೂ ತಿಂಗಳ ದುಡ್ಡು ಕೊಡಿ. ಹಾಲು ಅವರೇ ಇಟ್ಟುಕೊಂಡರೆ ಅದರ ಬೆಲೆಯನ್ನು ಆ ದುಡ್ಡಿನಲ್ಲಿ ಕಳೆಯಿರಿ. ಸಗಣಿಗೆ ಮಾತ್ರ ಕಳೆಯಬೇಡಿ, ಅದು ಅವರ ಹುಲ್ಲೇ ಅಲ್ವಾ? ಡಾಕ್ಟರ್ ಖರ್ಚು ಎರಡರಲ್ಲೂ ನಿಮ್ಮದೇ.