ಟಿಕ್ ಟಿಕ್ ಅನ್ನುವ ಡಿಸ್ಕನ್ನು ಮತ್ತೆ ಆನ್ ಮಾಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಹಾರ್ಡ್ ಡಿಸ್ಕ್ ಟೇಬಲ್ ಮೇಲಿಂದ ಬಿದ್ದಾಗ ಅದರೊಳಗಿನ ಫೋಟೊಗಳು ಹೋಗಿರಲಿಲ್ಲ. ಹೋಗಿದ್ದು ಆಮೇಲಿನ ಮೂರು ದಿನದಲ್ಲಿ. ಅರ್ಧ ನನ್ನ ಕೈಯಿಂದ, ಅರ್ಧ ಒಬ್ಬ ಅಂಗಡಿಯವನ ಕೈಯಿಂದ. ಅಂಗಡಿಯ ಹೆಸರು ಹಾಕುವುದಿಲ್ಲ. ಅಂಥ ಅಂಗಡಿ ಎಲ್ಲ ಊರಲ್ಲೂ ಇರುತ್ತವೆ, ಒಂದರ ಹೆಸರು ಹೇಳಿ ಏನು ಪ್ರಯೋಜನ.

ನಾವು ಬಾಗಲಕೋಟೆಯವರು. ಈಗ ಇರುವುದು ನವನಗರದ ಸೆಕ್ಟರ್ ಒಂದರಲ್ಲಿ. ಹಳೇ ಮನೆ ಕಿಲ್ಲಾ ಓಣಿಯಲ್ಲಿತ್ತು. ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದರೆ ಹಿನ್ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವ ಲೆಕ್ಕದಲ್ಲಿ ಹೋದ ಮನೆಗಳಲ್ಲಿ ನಮ್ಮದೂ ಒಂದು. ನಮ್ಮ ಕಾಕಾಗೆ ಫೋಟೊ ಹುಚ್ಚು. ಮನೆ ಖಾಲಿ ಮಾಡುವ ಮುಂಚೆ ಫಿಲ್ಮ್ ಕ್ಯಾಮೆರಾ ಹಿಡಿದು ಓಣಿ ಓಣಿ ಸುತ್ತಿದ್ದರು. ಕಟ್ಟೆ, ಬಾಗಿಲು, ಮಾಳಿಗೆ, ಹೋಳಿಯ ಹಲಗಿ ಮೇಳ, ಬಣ್ಣದ ಬಂಡಿ, ಬಂಡಿ ಮೇಲೆ ನಿಂತವರು. ಇವತ್ತು ಹೋಗಿ ತೆಗೆಯೋಣ ಅಂದರೆ ಆ ಜಾಗ ಇಲ್ಲ.

2014ರಲ್ಲಿ ನಾನೇ ಮುಂದೆ ನಿಂತು ಆ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದೆ. ಒಟ್ಟು 2,300 ಚಿಲ್ಲರೆ ಫೋಟೊ. ನೆಗೆಟಿವ್‌ಗಳಿಗೆ ಆಗಲೇ ಬೂಸ್ಟು ಹಿಡಿದಿತ್ತು. ಸ್ಕ್ಯಾನ್ ಆಯ್ತಲ್ಲ, ಇನ್ಯಾಕೆ ಅಂತ ಮನೆ ಸುಣ್ಣ ಹಚ್ಚುವಾಗ ಎಸೆದುಬಿಟ್ಟೆ. ಅವ್ವ ಬೇಡ ಅಂದಿದ್ದಳು. ಅದನ್ನು ಈಗಲೂ ನೆನಪಿಸುತ್ತಾಳೆ.

ಬ್ಯಾಕಪ್ ಇರಲಿಲ್ವಾ ಅಂತ ಕೇಳುತ್ತೀರಿ. ಒಂದು ಟಿಬಿಯ ಪೋರ್ಟಬಲ್ ಡಿಸ್ಕೇ ನನ್ನ ಬ್ಯಾಕಪ್. ಮೊದಲು ಲ್ಯಾಪ್‌ಟಾಪ್‌ನಲ್ಲೂ ಒಂದು ಪ್ರತಿ ಇತ್ತು. ಜಾಗ ಸಾಲದಾದಾಗ ಅದನ್ನು ಅಳಿಸಿದೆ. ಬ್ಯಾಕಪ್‌ನಲ್ಲಿ ಇದೆಯಲ್ಲ ಅಂದುಕೊಂಡೆ. ಅಸಲು ಅಳಿಸಿದ ಮೇಲೆ ಬ್ಯಾಕಪ್ಪೇ ಅಸಲು ಆಗುತ್ತದೆ ಅನ್ನುವುದು ಹೊಳೆಯಲೇ ಇಲ್ಲ.

ಹೋಳಿಗೆ ಎರಡು ದಿನ ಇತ್ತು. ಹಳೇ ಹೋಳಿಯ ಫೋಟೊ ತೋರಿಸು ಅಂತ ಕಾಕಾ ಬಂದು ಕೂತಿದ್ದರು. ಡಿಸ್ಕ್ ಹಚ್ಚಿದೆ. ಮಗ ಪಿಚಕಾರಿ ಹಿಡಿದು ಓಡಿ ಬಂದ, ಕಾಲಿಗೆ ವೈರ್ ಸಿಕ್ಕಿತು, ಡಿಸ್ಕ್ ಕೆಳಗೆ. ಎರಡೂವರೆ ಅಡಿ ಅಷ್ಟೇ. ಆದರೆ ಅದು ಓಡುತ್ತಿತ್ತು.

ಈ ‘ಓಡುತ್ತಿತ್ತು’ ಅನ್ನುವುದೇ ಮುಖ್ಯ. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಇಂಥ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ಹೆಡ್ ಆ ತಟ್ಟೆಗೆ ತಾಗುವುದಿಲ್ಲ. ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್, ಹೋಲಿಸಿ ನೋಡಿ. ಬಂದ್ ಇದ್ದಾಗ ಹೆಡ್ ಪಕ್ಕಕ್ಕೆ ಸರಿದು ನಿಂತಿರುತ್ತದೆ, ಆಗ ಬಿದ್ದರೆ ಎಷ್ಟೋ ಸಲ ಉಳಿದುಕೊಳ್ಳುತ್ತದೆ. ಓಡುವಾಗ ಬಿದ್ದರೆ ಹೆಡ್ ಹೋಗಿ ತಟ್ಟೆಗೆ ಬಡಿಯುತ್ತದೆ.

ನಾನೇನು ಮಾಡಿದೆ? ಎತ್ತಿ ಮತ್ತೆ ಹಚ್ಚಿದೆ. ಕಾಣಿಸಿತು! ಫೋಲ್ಡರ್‌ಗಳ ಹೆಸರೂ ಬಂತು. ತೆರೆಯುವುದು ಮಾತ್ರ ಬಹಳ ನಿಧಾನ, ನಡುನಡುವೆ ಒಂದು ಸಣ್ಣ ಟಿಕ್. ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಬರೆಯಬೇಕಾಗಿರಲಿಲ್ಲ. ಆ ಟಿಕ್ ಏನು ಗೊತ್ತಾ? ಹೆಡ್ ತನ್ನ ಜಾಗ ಹುಡುಕುತ್ತದೆ, ಸಿಗುವುದಿಲ್ಲ, ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಪೆಟ್ಟು ತಿಂದ ಹೆಡ್ ಹೀಗೆ ಓಡಾಡಿದಷ್ಟೂ ತಟ್ಟೆ ಕೆರೆಯುವ ಅಪಾಯ ಜಾಸ್ತಿ. ನಮ್ಮ ಫೋಟೊ ಇರುವುದು ತಟ್ಟೆಯ ಮೇಲಿನ ತೆಳು ಪದರದಲ್ಲೇ. ಅದು ಪುಡಿಯಾಗಿ ಉದುರಿದರೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಸ್ವಲ್ಪ ಹೊತ್ತಿಗೆ ವಿಂಡೋಸ್ ಕೇಳಿತು, ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ? ಬೇಡ ಅಂತ ಒತ್ತಿದೆ. ಇಡೀ ಮೂರು ದಿನದಲ್ಲಿ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು. ಆಮೇಲೆ ಒಬ್ಬ ಗೆಳೆಯ ಫೋನಿನಲ್ಲಿ ಚೆಕ್‌ಡಿಸ್ಕ್ ಓಡಿಸು ಅಂದ. ಓಡಿಸಿ ಮಲಗಿದೆ. ಚೆಕ್‌ಡಿಸ್ಕ್ ಇರುವುದು ಚೆನ್ನಾಗಿರುವ ಡಿಸ್ಕ್ ಮೇಲಿನ ಕಡತಗಳ ಲೆಕ್ಕ ಸರಿ ಮಾಡಲು. ಸಾಯುತ್ತಿರುವ ಡಿಸ್ಕ್ ಮೇಲೆ ಅದನ್ನು ಓಡಿಸಿದರೆ ಓದಲಾಗದ್ದನ್ನು ಕೆಟ್ಟಿದೆ ಅಂತ ಕಿತ್ತುಹಾಕಬಹುದು, ಹೊಸದಾಗಿ ಬರೆಯಲೂಬಹುದು. ಜೊತೆಗೆ ರಾತ್ರಿಯಿಡೀ ಆ ಹೆಡ್ಡನ್ನು ತಟ್ಟೆಯ ಮೇಲೆ ಎಳೆದಾಡಿದಂತೆ. ಬೆಳಿಗ್ಗೆ ಎದ್ದಾಗ ಡಿಸ್ಕ್ ಕಾಣಿಸುತ್ತಲೇ ಇರಲಿಲ್ಲ. ಟಿಕ್, ಟಿಕ್, ಟಿಕ್ ಅಷ್ಟೇ.

ಇನ್ನೊಂದು ಹುಚ್ಚುತನವನ್ನೂ ಒಪ್ಪಿಕೊಳ್ಳುತ್ತೇನೆ. ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಅಂತ ಒಂದು ವಿಡಿಯೊ ನೋಡಿದೆ. ಇಟ್ಟೆ. ಮಾರ್ಚ್ ತಿಂಗಳ ನಮ್ಮ ಸೆಖೆಗೆ ಫ್ರೀಜರ್‌ನಿಂದ ಹೊರಗೆ ತೆಗೆದ ವಸ್ತು ಏನಾಗುತ್ತದೆ, ಮಜ್ಜಿಗೆ ಚೊಂಬು ನೋಡಿದವರಿಗೆಲ್ಲ ಗೊತ್ತು. ಬೆವರುತ್ತದೆ. ಆ ನೀರು ಒಳಗೆ ತಟ್ಟೆಯ ಮೇಲೂ ಕೂರಬಹುದು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ.

ಮೂರನೇ ದಿನ ಅಂಗಡಿ. ‘ಡೇಟಾ ರಿಕವರಿ ಮಾಡಿಕೊಡಲಾಗುವುದು’ ಅಂತ ದೊಡ್ಡ ಬೋರ್ಡು. ಅವನು ಕಿವಿ ಹತ್ತಿರ ಹಿಡಿದು ಕೇಳಿದ. ‘ಏನಿಲ್ರಿ ಸರ, ಹೆಡ್ ಅಂಟ್ಕೊಂಡಿರ್ತಾವ. ಬಿಚ್ಚಿ ಸ್ವಲ್ಪ ಸರಿಸಿದ್ರ ಆತು. ಸಂಜಿಕ ಬರ್ರಿ’ ಅಂದ. ಅವನ ಧೈರ್ಯ ನೋಡಿ ನನಗೂ ಧೈರ್ಯ ಬಂತು. ಮುಂಗಡ 3,500 ಕೊಟ್ಟೆ. ರಸೀದಿ ಕೇಳಲಿಲ್ಲ.

ಸಂಜೆ ಹೋದಾಗ ಡಿಸ್ಕಿನ ಮುಚ್ಚಳ ಬಿಚ್ಚಿ ಟೇಬಲ್ ಮೇಲೆ ಇತ್ತು. ಮೇಲೆ ಫ್ಯಾನ್ ತಿರುಗುತ್ತಿತ್ತು. ಹೊರಗೆ ರಸ್ತೆ ಕೆಲಸ, ಕೆಂಪು ಧೂಳು. ತಟ್ಟೆಯ ಅಂಚಿನಲ್ಲಿ ಹೆಬ್ಬೆರಳಿನ ಗುರುತು ನನ್ನ ಕಣ್ಣಿಗೇ ಕಾಣುತ್ತಿತ್ತು. ‘ಆಗಂಗಿಲ್ರಿ ಸರ, ಭಾಳ ಹೊಡ್ತ ಬಿದ್ದೈತಿ’ ಅಂದ. ಮುಂಗಡ? ‘ಕೆಲಸ ಮಾಡೇವಲ್ರಿ.’

ಜಗಳ ಆಡಬಹುದಿತ್ತು. ಆದರೆ ಡಿಸ್ಕ್ ಅವನ ಕೈಗೆ ಕೊಟ್ಟಿದ್ದು ನಾನೇ. ಬಿಚ್ಚುತ್ತೇನೆ ಅಂತ ಅವನು ಬಾಯಿ ಬಿಟ್ಟು ಹೇಳಿದ್ದ, ನಾನು ತಲೆ ಆಡಿಸಿದ್ದೆ.

ಆಮೇಲೆ ಬೆಂಗಳೂರಿನ ಒಂದು ಲ್ಯಾಬ್ ಗೊತ್ತಾಯಿತು. ರಾತ್ರಿ ಬಸ್ಸಿಗೆ ಹೋದೆ, ಡಿಸ್ಕನ್ನು ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು. ಅಲ್ಲಿದ್ದ ಎಂಜಿನಿಯರ್ ಮೇಡಂ ಕೇಳಿದ ಮೊದಲ ಮಾತು, ‘ಇದನ್ನ ಯಾರು ಓಪನ್ ಮಾಡಿದ್ದು ಸರ್?’ ಅವರು ಬಿಚ್ಚುವುದು ಗಾಳಿಯನ್ನು ಸೋಸಿದ ಕ್ಲೀನ್ ರೂಮಿನಲ್ಲಿ. ನಾವು ಉಸಿರಾಡುವ ಗಾಳಿಯ ಒಂದು ಧೂಳಿನ ಕಣ ಆ ಹೆಡ್ಡಿನ ಪಾಲಿಗೆ ರಸ್ತೆ ನಡುವಿನ ಬಂಡೆ ಇದ್ದಂತೆ. ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಳೆಯ ಆಕಾರದ ಒಂದು ಗೆರೆ. ಇನ್ನೊಂದು ಕಡೆ ಧೂಳಿನಿಂದ ಆದ ಸಣ್ಣ ಸಣ್ಣ ಗೀರು.

ಹೊಸ ಹೆಡ್ ಹಾಕಬೇಕು ಅಂದರೆ ಅದೇ ಮಾದರಿಯ ಇನ್ನೊಂದು ಡಿಸ್ಕ್ ಹುಡುಕಿ ಅದರಿಂದ ಕಿತ್ತು ಹಾಕಬೇಕು. ಕಂಪನಿ ಒಂದೇ ಇದ್ದರೆ ಸಾಲದು, ಮಾಡೆಲ್ ನಂಬರ್ ಕೂಡ ಹೊಂದಬೇಕಂತೆ. ಖರ್ಚು 38,000. ಬಿಚ್ಚದೆ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ, ಸಿಗುವುದೂ ಜಾಸ್ತಿ ಇರುತ್ತಿತ್ತು ಅಂದರು. ಕಾಕಾಗೆ ಫೋನ್ ಮಾಡಿದೆ. ‘ರೊಕ್ಕದ ಮಾತು ಬಿಡು ತಮ್ಮಾ, ಎಷ್ಟು ಸಿಗ್ತಾವ ಅಷ್ಟು ತೊಗೊಂಡು ಬಾ’ ಅಂದರು. ಅರ್ಧ ಅವರೇ ಕೊಟ್ಟರು.

ಐದು ವಾರ ಆದ ಮೇಲೆ ಸಿಕ್ಕಿದ್ದು 640 ಪೂರ್ತಿ ಫೋಟೊ. ಇನ್ನೊಂದು 200ರ ಹತ್ತಿರ ಅರ್ಧಂಬರ್ಧ. ಫೋಲ್ಡರ್ ಇಲ್ಲ, ಹೆಸರಿಲ್ಲ, ಬರೀ ನಂಬರು.

ಹಾಗಾದರೆ ಏನು ಮಾಡಬೇಕಿತ್ತು? ಲ್ಯಾಬಿನಲ್ಲಿ ಕೂತು ಕೇಳಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ. ಬಿದ್ದ ಡಿಸ್ಕ್, ಸದ್ದು ಮಾಡುವ ಡಿಸ್ಕ್, ಕಾಣಿಸದ ಡಿಸ್ಕ್, ಇವುಗಳ ವೈರ್ ತೆಗೆದು ಪಕ್ಕಕ್ಕಿಡಿ. ಅಷ್ಟೇ. ಇನ್ನೊಂದೇ ಸಲ ನೋಡೋಣ ಅನ್ನುವ ಆಸೆಯನ್ನು ತಡೆದುಕೊಳ್ಳುವುದೇ ಕಷ್ಟದ ಕೆಲಸ. ಸದ್ದಿಲ್ಲದೆ ಬರೀ ನಿಧಾನ ಆಗಿದ್ದರೆ, ಡಿಸ್ಕ್ ಕಾಣಿಸುತ್ತಿದ್ದರೆ, ಆಗ ಮಾತ್ರ ಮನೆಯಲ್ಲಿ ಪ್ರಯತ್ನಿಸಬಹುದು. ಅದಕ್ಕೂ ಡಿಸ್ಕ್ ಮೇಲೆ ನೇರ ಕೈ ಹಾಕಬಾರದು. ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದು ಇಡೀ ಡಿಸ್ಕಿನ ನಕಲನ್ನು ಇನ್ನೊಂದು ಡಿಸ್ಕಿಗೆ ಇಳಿಸುತ್ತದೆ. ಸುಲಭಕ್ಕೆ ಬರುವುದನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿವರೆಗೆ ಆಯಿತು ಅಂತ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಮತ್ತೆ ಅಲ್ಲಿಂದಲೇ ಶುರು. ಆ ನಕಲಿನ ಮೇಲೆ ಟೆಸ್ಟ್‌ಡಿಸ್ಕ್, ಫೋಟೊರೆಕ್‌ನಂಥ ರಿಕವರಿ ಸಾಫ್ಟ್‌ವೇರ್ ಏನು ಬೇಕಾದರೂ ಓಡಿಸಿ, ತಪ್ಪಾದರೆ ನಕಲು ಹಾಳಾಗುತ್ತದೆ, ಅಸಲಲ್ಲ. ಫೋಟೊರೆಕ್ ಕಡತದ ಗುರುತು ಹಿಡಿದು ಹುಡುಕುತ್ತದೆ, ಹೆಸರು ಹಿಡಿದಲ್ಲ. ಅದಕ್ಕೇ ಅದರಿಂದ ಬಂದ ಫೋಟೊಗಳಿಗೂ ನಂಬರೇ ಗತಿ.

ಸುಮ್ನೆ ಕೈತಪ್ಪಿ ಅಳಿಸಿದ್ದರೆ ಅದು ಬೇರೆ ಕಥೆ. ಅಲ್ಲಿ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ರಿಕವರಿ ಸಾಫ್ಟ್‌ವೇರನ್ನು ಅದೇ ಡ್ರೈವಿಗೆ ಇನ್‌ಸ್ಟಾಲ್ ಮಾಡಬೇಡಿ, ಸಿಕ್ಕಿದ್ದನ್ನು ಅಲ್ಲೇ ಉಳಿಸಬೇಡಿ. ಅಳಿಸಿದ ಫೋಟೊ ಇದ್ದ ಜಾಗದ ಮೇಲೇ ಬರೆದುಬಿಡುತ್ತದೆ. ತಿರುಗುವ ತಟ್ಟೆಯೇ ಇಲ್ಲದೆ ಚಿಪ್‌ನಲ್ಲಿ ಉಳಿಸುವ ಎಸ್‌ಎಸ್‌ಡಿ ಇದ್ದರೆ ಆಸೆ ಕಡಿಮೆ. ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗ ಗುಡಿಸಿಬಿಡುತ್ತದೆ.

ವಾರಂಟಿ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ವಾರಂಟಿಯಲ್ಲಿ ಬರುವುದು ಬೇರೆ ಡಿಸ್ಕ್. ಹಳೆಯದು ಸಾಮಾನ್ಯವಾಗಿ ಅವರ ಹತ್ತಿರವೇ ಉಳಿಯುತ್ತದೆ, ಫೋಟೊ ಸಮೇತ.

ಅಂಗಡಿಗೆ ಕೊಡಲೇಬೇಕಾದರೆ ಮೊದಲು ಕೇಳಿ, ‘ಬಿಚ್ತೀರೇನು, ಎಲ್ಲಿ ಬಿಚ್ತೀರಿ?’ ಕ್ಲೀನ್ ರೂಮ್ ತೋರಿಸಲು ಆಗದವರ ಕೈಗೆ ಕೊಡಬೇಡಿ. ಡಿಸ್ಕಿನ ಸೀರಿಯಲ್ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ. ಡೇಟಾ ಬರದಿದ್ದರೆ ಎಷ್ಟು ಕೊಡಬೇಕು ಅನ್ನುವುದನ್ನೂ ಅದರಲ್ಲೇ ಬರೆಸಿ.

ನನ್ನ ಡಿಸ್ಕ್ ಬಿದ್ದು ಹಾಳಾಯಿತು, ಮುನ್ಸೂಚನೆ ಇರಲಿಲ್ಲ. ತಾನಾಗಿ ಹಾಳಾಗುವ ಡಿಸ್ಕ್ ಎಷ್ಟೋ ಸಲ ಮೊದಲೇ ಹೇಳುತ್ತದೆ. ಊರಿಗೆ ಬಂದ ಮೇಲೆ ನಾನು ಪಾಠ ಮಾಡುವ ಶಾಲೆಯ ಕಂಪ್ಯೂಟರ್‌ಗಳಲ್ಲಿ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಫ್ಟ್‌ವೇರ್ ಹಾಕಿ ನೋಡಿದೆ. ಆಫೀಸಿನ ಒಂದರಲ್ಲಿ ಎಚ್ಚರಿಕೆಯ ಹಳದಿ ಬಣ್ಣ ಬಂತು. ಸಿ5 ಅನ್ನುವ ಸಾಲು, ಅಂದರೆ ಓದಲು ತೊಂದರೆ ಕೊಡುತ್ತಿರುವ ಜಾಗಗಳ ಲೆಕ್ಕ, ಸೊನ್ನೆ ಇರಬೇಕಿತ್ತು, ಇರಲಿಲ್ಲ. ಅವತ್ತೇ ದಾಖಲೆಗಳನ್ನೆಲ್ಲ ಬೇರೆ ಕಡೆ ಇಳಿಸಿದೆವು. ಎರಡು ವಾರಕ್ಕೆ ಆ ಡಿಸ್ಕ್ ಹೋಯಿತು. ಹೆಡ್ ಮಾಸ್ತರು ನನ್ನನ್ನು ದೊಡ್ಡ ತಜ್ಞ ಅಂದುಕೊಂಡಿದ್ದಾರೆ. ಫ್ರೀಜರ್ ವಿಷಯ ಅವರಿಗೆ ಹೇಳಿಲ್ಲ.

ಸಿಕ್ಕಿದ 640 ಈಗ ಮೂರು ಕಡೆ ಇವೆ. ಎರಡು ಡಿಸ್ಕ್ ಮನೆಯಲ್ಲಿ, ಒಂದು ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ. ಸಂಬಂಧಿಕರ ಫೋನುಗಳಿಂದಲೂ ಒಂದಿಷ್ಟು ಕೂಡಿಸಿದೆ. ವಾಟ್ಸ್‌ಆ್ಯಪ್‌ನಲ್ಲಿ ಹೋಗಿ ಬಂದ ಫೋಟೊ ಸಣ್ಣದಾಗಿರುತ್ತದೆ, ದೊಡ್ಡದು ಮಾಡಿದರೆ ಮುಖ ಮಸುಕು. ಆದರೂ ಇರಲಿ.

ಭಾನುವಾರ ಕಾಕಾ ಬರುತ್ತಾರೆ. ಟಿವಿಗೆ ಹಚ್ಚಿ ಒಂದೊಂದೇ ತೋರಿಸುತ್ತೇನೆ. ಅವರು ಓಣಿಯ ಹೆಸರು ಹೇಳುತ್ತಾರೆ, ಮಗ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಅರ್ಧಂಬರ್ಧದವುಗಳಲ್ಲಿ ಒಂದಿದೆ. ಮೇಲೆ ಕೆತ್ತನೆಯ ಬಾಗಿಲ ಚೌಕಟ್ಟು, ಒಣಗಿದ ಮಾವಿನ ತೋರಣ, ಕೆಳಗೆ ಬರೀ ಬೂದು ಬಣ್ಣ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ, ಸೆರಗಿನ ತುದಿ ಮಾತ್ರ ಕಾಣುತ್ತದೆ. ಅದು ನಮ್ಮ ಮನೆ, ನಿಂತವಳು ನಾನೇ ಅನ್ನುತ್ತಾಳೆ ಅವ್ವ. ‘ಅಲ್ಲ ವೈನಿ, ಅದು ಎದುರು ಮನಿ’ ಅನ್ನುತ್ತಾರೆ ಕಾಕಾ. ನಾಲ್ಕು ಭಾನುವಾರ ಆಯಿತು. ನೋಟ್‌ಬುಕ್ಕಿನಲ್ಲಿ ಆ ನಂಬರಿನ ಮುಂದೆ ಇನ್ನೂ ಏನೂ ಬರೆದಿಲ್ಲ.