ಹರ್ಗೇಸಾಗೆ ಹೋಗುವಾಗ ಜೇಬಲ್ಲಿ ಏನಿರಲಿ: ಡಾಲರೋ, ಸೋಮಾಲಿಲ್ಯಾಂಡ್ ಶಿಲಿಂಗೋ?

ಹರ್ಗೇಸಾ ರಾಜಧಾನಿಯಾಗಿರುವ, 1991ರಲ್ಲಿ ಸೊಮಾಲಿಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡ ಸೋಮಾಲಿಲ್ಯಾಂಡ್ 1994ರಲ್ಲಿ ತನ್ನದೇ ಶಿಲಿಂಗ್ ತಂದಿತು. ಅದನ್ನು ಹೊರದೇಶದ ಬ್ಯಾಂಕುಗಳು ಮುಟ್ಟುವುದಿಲ್ಲ. ಹಾಗಾಗಿ ಒಯ್ಯಬೇಕಾದ್ದು ಡಾಲರೇ.

ಹೋಟೆಲ್ ಬಾಡಿಗೆ, ದೂರ ಪ್ರಯಾಣದ ಕಾರು, ದೊಡ್ಡ ಖರೀದಿ ಎಲ್ಲವೂ ಡಾಲರಿನಲ್ಲೇ ನಡೆಯುತ್ತವೆ. ಹರಿದ, ಗೀಚಿದ, ತೀರಾ ಹಳೆಯ ನೋಟು ಬೇಡ, ವಾಪಸ್ ಬರುತ್ತದೆ. 1, 5, 10ರ ನೋಟುಗಳು ಹೆಚ್ಚಿರಲಿ. ಇಪ್ಪತ್ತು ಕೊಟ್ಟರೆ ಚಿಲ್ಲರೆ ಶಿಲಿಂಗಿನಲ್ಲಿ ಬರುತ್ತದೆ, ದರ ಅಂಗಡಿಯವರದು.

ಚಹಾ, ಹಣ್ಣು, ಸಿಟಿ ಬಸ್ಸಿಗೆ ಶಿಲಿಂಗ್ ಸಲೀಸು. ಬೀದಿಬದಿಯ ವಿನಿಮಯದವರು ನೋಟಿನ ಕಟ್ಟುಗಳನ್ನು ಇಟ್ಟಿಗೆಯಂತೆ ಪೇರಿಸಿ ಕೂತಿರುತ್ತಾರೆ. ಡಾಲರಿಗೆ 10,000 ಎಂದಿಟ್ಟುಕೊಂಡರೆ, ನೂರು ಡಾಲರಿಗೆ ಸಾವಿರದ ನೋಟುಗಳೇ ಸಾವಿರ! ಜೇಬಲ್ಲ, ಚೀಲ ಬೇಕು. ಐದೋ ಹತ್ತೋ ಡಾಲರ್ ಮಾತ್ರ ಬದಲಿಸಿ. ಉಳಿದರೆ ಗಡಿಯಾಚೆ ಅದು ಬರೀ ನೆನಪಿನ ಕಾಗದ.

ಸ್ಥಳೀಯರು ಇವೆರಡರ ನೋಟುಗಳನ್ನೂ ಬಿಟ್ಟು ಹೆಚ್ಚಾಗಿ ಫೋನ್ ಕಂಪನಿ ಟೆಲಿಸೋಮ್‌ನ ಜಾಡ್ ಬಳಸುತ್ತಾರೆ. 2009ರಲ್ಲಿ ಬಂದ ಈ ಮೊಬೈಲ್ ಹಣಕ್ಕೆ ಇಂಟರ್ನೆಟ್ಟೂ ಬೇಡ, ಸಾದಾ ಫೋನ್ ಸಾಕು. ವಾರಕ್ಕಿಂತ ಹೆಚ್ಚು ಇರುವವರು ಸಿಮ್ ಕೊಂಡು ಇದನ್ನೇ ಹಿಡಿಯುವುದು ಜಾಣತನ; ಎರಡು ದಿನದವರಿಗೆ ಸಣ್ಣ ಡಾಲರ್ ನೋಟೇ ಸಾಕು. ಕಾರ್ಡ್ ನೆಚ್ಚಿಕೊಳ್ಳಬೇಡಿ.